ಹಳೇಬೀಡು ಮ್ಯೂಸಿಯಂ, ಚಿಕ್ಕಮಗಳೂರು ಕಾಫಿ ಮ್ಯೂಸಿಯಂ, ಆಮೇಲೆ ತಲೆಗೆ ಆರ್ನೂರು ರೂಪಾಯಿ ತೊಟ್ಟಿಮನೆ: ಎರಡು ದಿನ ಸುತ್ತಿದ ರಿವ್ಯೂ

ನಾನು ಹಾಸನದವನು, ಹುಟ್ಟಿ ಬೆಳೆದಿದ್ದೆಲ್ಲ ಇಲ್ಲೇ, ಹಳೇಬೀಡಿಗೆ ಏನಿಲ್ಲ ಅಂದ್ರೂ ಹದಿನೈದು ಇಪ್ಪತ್ತು ಸಲ ಹೋಗಿರ್ತೀನಿ, ಬೆಂಗಳೂರಿಂದ ಯಾರೇ ನೆಂಟರು ಬಂದ್ರೂ ಕಾರು ಹತ್ತಿಸ್ಕೊಂಡು ಹೋಗೋದು ಅಲ್ಲಿಗೇ ತಾನೆ. ಆದ್ರೆ ದೇವಸ್ಥಾನದ ಆವರಣದಲ್ಲೇ ಇರೋ ಮ್ಯೂಸಿಯಂ ಒಳಗೆ ಕಾಲಿಟ್ಟಿದ್ದು ಈ ಜನವರಿಲೇ ಮೊದಲು. ಪ್ರತಿ ಸಲ ದೇವಸ್ಥಾನ ನೋಡಿ ಮುಗಿಯೋ ಹೊತ್ತಿಗೆ ಬಿಸಿಲು ಏರಿರುತ್ತೆ, ಮಕ್ಕಳು ಐಸ್‌ಕ್ರೀಮ್ ಅಂತಾರೆ, ಯಾರಾದ್ರೂ ಒಬ್ರು "ಬೇಲೂರು ಬಾಗಿಲು ಹಾಕ್ಬಿಡ್ತಾರೆ ನಡೀರಿ" ಅಂತಾರೆ, ಮ್ಯೂಸಿಯಂ ಬೋರ್ಡು ಹಂಗೇ ಪಕ್ಕಕ್ಕೆ ಹೋಗ್ಬಿಡುತ್ತೆ.

ಈ ಸಲ ಸಂಕ್ರಾಂತಿ ಮುಗಿದ ಮೇಲೆ ಎರಡು ದಿನ ರಜೆ ಹಾಕಿ, ಆರನೇ ಕ್ಲಾಸು ಮಗಳಿಗೂ ಸ್ಕೂಲಿಗೆ ಚಕ್ಕರ್ ಹೊಡೆಸಿ, ಅಮ್ಮ, ನಮ್ಮನೆಯವಳು, ನಾನು, ನಾಲ್ಕು ಜನ ಹೊರಟ್ವಿ. ವಾರದ ದಿನವೇ ಹೊರಟಿದ್ದಕ್ಕೆ ಕಾರಣ ಇದೆ. ಹಳೇಬೀಡು ಮ್ಯೂಸಿಯಂ ಪುರಾತತ್ವ ಇಲಾಖೆಯವರದ್ದು, ಶುಕ್ರವಾರ ರಜೆ. ಚಿಕ್ಕಮಗಳೂರಿನ ಕಾಫಿ ಮ್ಯೂಸಿಯಂ ಕಾಫಿ ಬೋರ್ಡಿನವರದ್ದು, ಅಲ್ಲಿ ನಡೆಯೋದು ಆಫೀಸ್ ಟೈಮಿಂಗು, ಶನಿವಾರ ಭಾನುವಾರ ನಂಬ್ಕೊಂಡು ಹೋಗಿ ಗೇಟು ನೋಡ್ಕೊಂಡು ಬರ್ಬೇಡಿ, ಮೊದಲೇ ವಿಚಾರಿಸ್ಕೊಂಡು ಹೋಗಿ.

ಹಳೇಬೀಡಿಂದ ಶುರು ಮಾಡ್ತೀನಿ. ನನ್ನ ಸಲಹೆ ಏನಂದ್ರೆ, ಎಲ್ಲರೂ ಮಾಡೋದಕ್ಕೆ ಉಲ್ಟಾ ಮಾಡಿ. ಮೊದಲು ಮ್ಯೂಸಿಯಂ, ಆಮೇಲೆ ದೇವಸ್ಥಾನ. ಯಾಕಂದ್ರೆ ಹೊಯ್ಸಳೇಶ್ವರ ದೇವಸ್ಥಾನದ ಗೋಡೆ ಮುಂದೆ ನಿಂತ್ರೆ ಕಣ್ಣಿಗೆ ದಿಕ್ಕೇ ತೋಚಲ್ಲ. ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಅದರ ಮೇಲೆ ರಾಮಾಯಣ ಮಹಾಭಾರತ, ಮಕರ, ಹಂಸ, ಇನ್ನೂ ಮೇಲೆ ದೇವರುಗಳು, ಹತ್ತು ನಿಮಿಷಕ್ಕೆ ತಲೆ ಧಿಮ್ ಅನ್ನುತ್ತೆ, ಆಮೇಲೆ "ಎಷ್ಟ್ ಚೆನ್ನಾಗಿದೆ ಅಲ್ವಾ" ಅನ್ಕೊಂಡು ಸೆಲ್ಫಿ ತಗೊಳ್ಳೋದೊಂದೇ ಕೆಲಸ. ಮ್ಯೂಸಿಯಮ್ಮಲ್ಲಿ ಹಂಗಲ್ಲ. ಸುತ್ತಮುತ್ತ ಬಿದ್ದುಹೋದ ಗುಡಿಗಳ ಕಲ್ಲುಗಳನ್ನ ತಂದು ಒಂದೊಂದಾಗಿ ನಿಲ್ಲಿಸಿದ್ದಾರೆ, ಒಳಗೂ ಇವೆ, ಹೊರಗೆ ಬಯಲಲ್ಲೂ ಇವೆ. ಒಂದು ಕಲ್ಲಿನ ಮುಂದೆ ಒಬ್ರೇ ನಿಂತ್ಕೋಬಹುದು, ಹಿಂದಿನಿಂದ ಯಾರೂ ತಳ್ಳಲ್ಲ, ಟಿಕೆಟ್ಟು ಐದೇ ರೂಪಾಯಿ, ಮಕ್ಕಳಿಗೆ ಅದೂ ಇಲ್ಲ.

ನಾನು ಒಂದು ಹೆಣ್ಣು ವಿಗ್ರಹದ ಮುಂದೆ ಕಾಲು ಗಂಟೆ ನಿಂತಿದ್ದೆ. ಮೂಗು ಇಲ್ಲ, ಒಂದು ಕೈ ಮೊಣಕೈಗೇ ತುಂಡಾಗಿದೆ. ಆದ್ರೆ ಕೊರಳ ಸರ ಮಾತ್ರ ಪೂರ್ತಿ ಇದೆ, ಹತ್ತಿರ ಬಗ್ಗಿ ನೋಡಿದ್ರೆ ಮಣಿ ಮಣಿ ಮಧ್ಯೆ ತೂತು, ಸೂಜಿ ತೂರೋ ಅಷ್ಟು ಸಣ್ಣ ಸಣ್ಣವು, ಸರದ ಹಿಂದೆ ಕಲ್ಲು ಕೊರೆದು ಟೊಳ್ಳು ಮಾಡಿರೋದ್ರಿಂದ ಸರ ಕೊರಳಿಗೆ ಅಂಟಿಲ್ಲ, ನೆರಳು ಬೀಳುತ್ತೆ. ಅದೇ ವಿಗ್ರಹದ ಹಿಂಭಾಗಕ್ಕೆ ಹೋಗಿ ನೋಡಿದ್ರೆ ಬರೀ ಒರಟು, ಉಳಿ ಏಟು ಹಂಗೇ ಉಳಿದಿದೆ. ಗೋಡೆಗೆ ಕೂರೋ ಕಲ್ಲು ತಾನೆ, ಹಿಂದೆ ಯಾರು ನೋಡ್ತಾರೆ ಅಂತ ಬಿಟ್ಟಿದ್ದಾರೆ. ಇದು ದೇವಸ್ಥಾನದಲ್ಲಿ ಎಷ್ಟು ಸಲ ಸುತ್ತಿದ್ರೂ ಕಾಣಲ್ಲ. ಅಮ್ಮಂಗೆ "ಇದು ಬಳಪದ ಕಲ್ಲು" ಅಂದೆ, ಅವರಿಗೆ ಸ್ಲೇಟು ಬಳಪ ನೆನಪಾಗಿ, "ಓ ಅದಕ್ಕೇ ಇಷ್ಟು ನುಣುಪು" ಅಂತ ಬೆರಳು ತಗೊಂಡು ಹೋದ್ರು, ಅಷ್ಟರಲ್ಲಿ ಅಲ್ಲಿದ್ದ ಸಿಬ್ಬಂದಿ "ಮುಟ್ಬೇಡಿ ಅಮ್ಮಾ" ಅಂದ್ರು, ಮೆತ್ತಗೇ ಹೇಳಿದ್ರು, ಬೈದಂಗೆ ಇರಲಿಲ್ಲ. ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿಟ್ಟಮೇಲೆ ಗಟ್ಟಿ ಆಗುತ್ತೆ, ಇಷ್ಟು ಸಣ್ಣ ಕೆಲಸ ಸಾಧ್ಯ ಆಗಿರೋದು ಅದಕ್ಕೇ.

ಇದನ್ನ ನೋಡಿ ಆಮೇಲೆ ದೇವಸ್ಥಾನಕ್ಕೆ ಹೋದ್ರೆ ಅದೇ ಗೋಡೆ ಬೇರೆ ಥರ ಕಾಣುತ್ತೆ, ನಿಜವಾಗ್ಲೂ. 1121ರ ಹೊತ್ತಿಗೆ ವಿಷ್ಣುವರ್ಧನನ ಕಾಲದಲ್ಲಿ ಶುರುವಾದ ಕೆಲಸ, ಕೇತಮಲ್ಲ ಅನ್ನೋನು ಕಟ್ಟಿಸಿದ್ದು, 1311ರಲ್ಲಿ ಮಲಿಕ್ ಕಾಫರನ ದಂಡು ಬಂತು, ಇದೆಲ್ಲ ಗೈಡ್‌ಗಳು ಹೇಳೇ ಹೇಳ್ತಾರೆ. ಅವರಲ್ಲಿ ಅರ್ಧ ಜನ ತೋರಿಸದೇ ಇರೋದು ಅಂದ್ರೆ ಗರುಡಗಂಬ. ತಪ್ಪದೇ ನೋಡಿ. ಎರಡನೇ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ, ರಾಜ ಸತ್ತಾಗ ತಾನೂ, ಹೆಂಡತಿ ಸುಗ್ಗಲದೇವಿನೂ, ಜೊತೆಗಿದ್ದ ಗರುಡರೂ, ಅಂದ್ರೆ ರಾಜನಿಗಾಗಿ ಪ್ರಾಣ ಕೊಡ್ತೀವಿ ಅಂತ ಶಪಥ ಮಾಡಿದ ಅಂಗರಕ್ಷಕರೂ, ಪ್ರಾಣ ಬಿಟ್ರಂತೆ, ಆ ಕಂಬದಲ್ಲಿ ಕತ್ತಿ ಹಿಡಿದು ತಮ್ಮ ತಲೆ ತಾವೇ ಕೊಡೋ ಆಳುಗಳನ್ನ ಕೆತ್ತಿದ್ದಾರೆ. ಮಗಳು ಅದನ್ನ ನೋಡಿ ಆಮೇಲೆ ಅರ್ಧ ಗಂಟೆ ಮಾತೇ ಆಡಲಿಲ್ಲ. ಇನ್ನು ಬಸದಿಹಳ್ಳಿ ಪಾರ್ಶ್ವನಾಥ ಬಸದಿ, 1133ರದ್ದು, ಹೊಳೆಯೋ ಕಂಬಗಳಲ್ಲಿ ನಮ್ಮ ಮುಖ ನಾವೇ ನೋಡ್ಕೋಬಹುದು, ನಡೆದೇ ಹೋಗೋ ದೂರ, ಜನ ಇರಲ್ಲ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ದೇವಸ್ಥಾನದ ಮುಂದೆ ಕಾರು ನಿಲ್ಸೋಕೆ ಜಾಗ ಸಿಗದಂಗೆ ಆಗಿದೆ, ಬಸದಿಹಳ್ಳಿಲಿ ಮಾತ್ರ ಗುಬ್ಬಚ್ಚಿ ಸದ್ದು ಕೇಳುತ್ತೆ.

ಬೇಲೂರಲ್ಲಿ ಊಟ ಅಷ್ಟೇ. ಅಲ್ಲಿಂದ ಹಲ್ಮಿಡಿಗೆ ಕಾರು ತಿರುಗಿಸಿದ್ವಿ, ಇದು ನನ್ನ ಹಠ. "ಅಲ್ಲಿ ಏನಿದೆ" ಅಂದ್ಲು ಹೆಂಡತಿ. ಒಂದು ಕಲ್ಲಿದೆ ಅಂದೆ. "ಬೆಳಗ್ಗಿಂದ ಕಲ್ಲೇ ನೋಡಿದ್ದು" ಅಂದ್ಲು. ತಪ್ಪಲ್ಲ ಬಿಡಿ. ಅದೂ ಅಸಲಿ ಕಲ್ಲಲ್ಲ, ಅಸಲಿ ಮೈಸೂರಿನ ಪುರಾತತ್ವ ಇಲಾಖೆ ಆಫೀಸಲ್ಲಿದೆ, ಊರಲ್ಲಿ ಮಂಟಪ ಕಟ್ಟಿ ಅಚ್ಚು ತೆಗೆದ ನಕಲು ಇಟ್ಟಿದ್ದಾರೆ. ಟಿಕೆಟ್ಟಿಲ್ಲ, ಗೈಡಿಲ್ಲ, ಟೀ ಅಂಗಡಿಯೂ ನಮಗೆ ಕಾಣಲಿಲ್ಲ. ಕನ್ನಡದ ತೀರಾ ಹಳೇ ಶಾಸನಗಳಲ್ಲಿ ಒಂದು, ಕ್ರಿ.ಶ. 450ರ ಆಸುಪಾಸಿನದ್ದು ಅಂತಾರೆ, ಹದಿನಾರು ಸಾಲು, ಊರಿನ ವೀರಭದ್ರ ದೇವಸ್ಥಾನದ ಮುಂದೆ ನಿಂತಿದ್ದ ಕಲ್ಲಿಗೆ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರ ಕಣ್ಣು ಬಿದ್ದು 1936ರ ವರದಿಲಿ ಹೊರಗೆ ಬಂತು. ಯುದ್ಧದಲ್ಲಿ ಗೆದ್ದು ಬಂದ ವಿಜ ಅರಸನಿಗೆ ಪಲ್ಮಡಿ, ಮೂಳಿವಳ್ಳಿ ಅಂತ ಎರಡು ಊರು ಬಾಳ್ಗಳ್ಚು ಕೊಟ್ಟರು, ಅಂದ್ರೆ ರಕ್ತ ಹತ್ತಿದ ಕತ್ತಿ ತೊಳೆದಿದ್ದಕ್ಕೆ ಕೊಡೋ ಉಂಬಳಿ. ಮಗಳಿಗೆ ಪಲ್ಮಡಿನೇ ಹಲ್ಮಿಡಿ ಆಗಿದ್ದು ಅಂತ ಹೇಳಿದ್ದೇ ತಡ, ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು, ಪೂ ಹೂವಾಯ್ತು ಅಂದಿದ್ದೇ ತಡ, ಚಿಕ್ಕಮಗಳೂರು ಮುಟ್ಟೋವರೆಗೂ ಕಾರಲ್ಲಿ "ಪೋಟ್ಲಲ್ಲಿ ಪೋಳಿಗೆ ಪಾಕ್ತಾರಾ" ಅಂತ ತಲೆ ತಿಂದಳು. ಐದಕ್ಕೆ ಐದು ಕೊಡ್ತೀನಿ ಹಲ್ಮಿಡಿಗೆ, ಯಾರು ಏನಾದ್ರೂ ಅನ್ಲಿ.

ಮಾರನೇ ದಿನ ಬೆಳಗ್ಗೆ ಕಾಫಿ ಮ್ಯೂಸಿಯಂ, ಕಾಫಿ ಯಾತ್ರಾ ಅಂತ ಹೆಸರು. ಚಿಕ್ಕದು, ಅಚ್ಚುಕಟ್ಟು. ಸೂಫಿ ಸಂತ ಬಾಬಾ ಬುಡನ್ ಯೆಮನ್ನಿನ ಮೋಖಾದಿಂದ ಏಳು ಬೀಜ ತಂದ ಕತೆಯಿಂದ ಹಿಡಿದು ಬೀಜ ಲೋಟಕ್ಕೆ ಬರೋವರೆಗೂ ತೋರಿಸ್ತಾರೆ. ಮನೇಲಿ ತೋಟ ಇರೋರಿಗೆ ಹೊಸದೇನೂ ಅನ್ಸಲ್ಲ, ಪಲ್ಪರ್ರು, ಪಾರ್ಚ್‌ಮೆಂಟು, ಚೆರಿ ಎಲ್ಲ ಗೊತ್ತಿರೋದೇ. ಆದ್ರೆ ಹೊರಗಿನಿಂದ ಬರೋರಿಗೆ, ಅರೇಬಿಕಾ ರೋಬಸ್ಟಾ ಅಂದ್ರೆ ಅಂಗಡಿ ಪ್ಯಾಕೆಟ್ ಮೇಲಿನ ಹೆಸರು ಅಷ್ಟೇ ಅನ್ಕೊಂಡಿರೋರಿಗೆ, ಗುಡ್ಡ ಹತ್ತೋ ಮೊದಲು ಒಂದು ಗಂಟೆ ಇಲ್ಲಿ ಕಳೆಯೋದು ಒಳ್ಳೇದು. ನಾನು ಮಗಳಿಗೆ ಸೇರಿಸಿ ಹೇಳಿದ್ದು ಇಷ್ಟು: ಆ ಏಳು ಬೀಜದಿಂದ ಎಷ್ಟೋ ವರ್ಷ ಮನೆ ಹಿತ್ತಲಲ್ಲೇ ಇದ್ದ ಗಿಡ, ಬ್ರಿಟಿಷರ ಕಾಲದಲ್ಲಿ ಕ್ಯಾನನ್ ಅನ್ನೋ ಸಾಹೇಬ ಬಾಬಾಬುಡನ್‌ಗಿರಿ ದಕ್ಷಿಣಕ್ಕೆ ತೋಟ ಮಾಡಿ ಗೆದ್ದ, ಅದನ್ನ ನೋಡಿ 1843ರಲ್ಲಿ ಗ್ರೀನ್ ಅನ್ನೋನು ನಮ್ಮ ಸಕಲೇಶಪುರದ ಕಡೆ ಮಂಜರಾಬಾದಲ್ಲಿ ಶುರು ಮಾಡಿದ. ಎಲೆಗೆ ತುಕ್ಕು ರೋಗ ಬಂದು ತೋಟ ತೋಟಗಳೇ ಹಾಳಾದ ಮೇಲೆ 1925ರಲ್ಲಿ ಬಾಳೆಹೊನ್ನೂರಲ್ಲಿ ಸಂಶೋಧನೆ ಕೇಂದ್ರ ಆಯ್ತು. ಮಗಳು ಕೇಳಿದ್ದು ಒಂದೇ ಪ್ರಶ್ನೆ, "ಏಳೇ ಯಾಕೆ ಅಪ್ಪಾ, ಎಂಟು ತಂದಿದ್ರೆ?" ಉತ್ತರ ಇದ್ರೆ ಯಾರಾದ್ರೂ ಹೇಳಿ.

ಈಗ ದುಡ್ಡು ಕೊಟ್ಟು ನೋಡಿದ ಮನೆಗೆ ಬರ್ತೀನಿ. ಊರು ಹೆಸರು ಹೇಳಲ್ಲ, ಮನೆ ಹೆಸರೂ ಹೇಳಲ್ಲ, ಮನೆಯವರು ಒಳ್ಳೆಯವರೇ, ಟೂರು ನಡೆಸೋದು ಮಾತ್ರ ಬೇರೆ ಯಾರೋ ಏಜೆನ್ಸಿ ಹುಡುಗರು. ತೋಟದ ಮಧ್ಯೆ ತೊಟ್ಟಿಮನೆ, ತಲೆಗೆ ಆರ್ನೂರು, ಮಗಳಿಗೆ ಮುನ್ನೂರು, ಒಂದು ಗಂಟೆ ಟೂರು, ಕೊನೆಗೆ ಕಾಫಿ ಮತ್ತೆ ಅಕ್ಕಿರೊಟ್ಟಿ. ಮನೆ ಬಗ್ಗೆ ಎರಡು ಮಾತಿಲ್ಲ. ಜಗಲಿ ದಾಟಿ ಒಳಗೆ ಹೋದ್ರೆ ತೊಟ್ಟಿ, ಸುತ್ತ ಹಲಸಿನ ಮರದ ಮುಂಡಿಗೆಗಳು, ಒಬ್ಬರ ತೋಳಿಗೆ ಸಿಗಲ್ಲ, ಶತಮಾನದ ಎಣ್ಣೆ ಕೈ ತಾಗಿ ತಾಗಿ ಕಪ್ಪಗೆ ಹೊಳೀತಾವೆ. ಮುಂದೆ ಕಣದಲ್ಲಿ ಕಾಫಿ ಹರವಿದ್ರು, ಜನವರಿ ಬಿಸಿಲಿಗೆ ಹಣ್ಣು ಒಣಗ್ತಾ ಹುಳಿ ಹುಳಿ ವಾಸನೆ, ಆ ವಾಸನೆ ಒಂದಕ್ಕೇ ಇನ್ನೂರು ರೂಪಾಯಿ ಕೊಡಬಹುದು.

ಗೈಡ್ ಹುಡುಗ ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು, ಮೈಕು ಸಿಗಿಸ್ಕೊಂಡಿದ್ದ, ಇದ್ದಿದ್ದು ನಾವು ನಾಲ್ಕು ಮತ್ತೆ ಬೆಂಗಳೂರಿನ ಒಂದು ಜೋಡಿ, ಮೈಕ್ಯಾಕೋ ಗೊತ್ತಾಗಲಿಲ್ಲ. ಸಾಹುಕಾರರ ಫೋಟೋ, ಕೋವಿ, ಕಾಡೆಮ್ಮೆ ಕೊಂಬು, ಸಾಹುಕಾರರ ಕುರ್ಚಿ, ಸಾಹುಕಾರರ ಕಾರಿನ ಫೋಟೋ, ಹಿಂಗೇ ಹೋಯ್ತು. ಈ ತೋಟದಲ್ಲಿ ಕಾಫಿ ಕೊಯ್ದೋರು, ಲೈನ್ ಮನೇಲಿ, ಅಂದ್ರೆ ಕೂಲಿ ಆಳುಗಳ ಸಾಲುಮನೇಲಿ ಇದ್ದೋರು, ಲೆಕ್ಕ ಬರೀತಿದ್ದ ರೈಟ್ರು, ಅವರದ್ದು ಒಂದು ಹೆಸರಿಲ್ಲ ಒಂದು ಫೋಟೋ ಇಲ್ಲ. ಕೇಳಿದ್ದಕ್ಕೆ "ಅದು ಟೂರಲ್ಲಿ ಬರಲ್ಲ ಸರ್" ಅಂದ.

ಆಮೇಲೆ ಬಂತು ಹೆಂಚು. ಮೂಲೇಲಿ ಒಂದು ಹಳೇ ಮಂಗಳೂರು ಹೆಂಚನ್ನ ಗಾಜಿನ ಪೆಟ್ಟಿಗೇಲಿ ಇಟ್ಟು ಲೈಟು ಬಿಟ್ಟಿದ್ರು. ಹಿಂಭಾಗದಲ್ಲಿ ಇಂಗ್ಲಿಷಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865 ಅಂತ ಅಚ್ಚು. "ನೋಡಿ, ಈ ಮನೆ ಕಟ್ಟಿದ್ದು 1865ರಲ್ಲಿ, ಪ್ರೂಫ್ ಇಲ್ಲೇ ಇದೆ" ಅಂದ. ನಾನು ಸುಮ್ನಿರಬೇಕಿತ್ತು, ಆಗ್ಲಿಲ್ಲ. 1865 ಅನ್ನೋದು ಮಂಗಳೂರಲ್ಲಿ ಬಾಸೆಲ್ ಮಿಷನ್ ಅನ್ನೋ ಪಾದ್ರಿಗಳ ಸಂಸ್ಥೆಯವರ ಹೆಂಚಿನ ಫ್ಯಾಕ್ಟರಿ ಶುರುವಾದ ವರ್ಷ ಕಣಪ್ಪ, ಆಮೇಲೆ ಎಷ್ಟೋ ವರ್ಷ ಮಾಡಿದ ಹೆಂಚಿಗೂ ಅದೇ ಇಸವಿ ಒತ್ತಿರ್ತಾರೆ, ಬಿಸ್ಕೆಟ್ ಪ್ಯಾಕೆಟ್ ಮೇಲೆ ಕಂಪನಿ ಶುರುವಾದ ವರ್ಷ ಹಾಕಲ್ವಾ ಹಂಗೆ, ಅದನ್ನ ನೋಡಿ ಬಿಸ್ಕೆಟ್ಟಿಗೆ ನೂರು ವರ್ಷ ಅಂತ ಹೇಳೋಕಾಗುತ್ತಾ ಅಂದೆ. ಬೆಂಗಳೂರು ಜೋಡಿ ನಕ್ಕರು, ಹುಡುಗನ ಮುಖ ಚಿಕ್ಕದಾಯ್ತು, ನನಗೂ ಛೇ ಅನ್ನಿಸ್ತು. ನಮ್ಮನೆಯವಳು ಕಾಲು ತುಳಿದಳು. ಪಾಪ ಅವನಿಗೆ ಯಾರೋ ಬರೆದುಕೊಟ್ಟಿದ್ದನ್ನ ಅವನು ಒಪ್ಪಿಸ್ತಿದ್ದ.

ಆದ್ರೆ ಅಮ್ಮ ಬಿಡಬೇಕಲ್ಲ. ನಡುಮನೇಲಿ ಗೋಡೆಗೂಡಲ್ಲಿ ಒಂದು ಹಿತ್ತಾಳೆ ಪಟ್ಟಿ ಹಾಕಿದ ಕಬ್ಬಿಣದ ಪಾತ್ರೆ, ಅದರ ತುಂಬ ಪ್ಲಾಸ್ಟಿಕ್ ಹೂವು. ಹುಡುಗ "ಇದು ಆಂಟಿಕ್ ಫ್ಲವರ್ ವಾಸ್" ಅಂದ. ಅಮ್ಮ ಹೂವು ತೆಗೆದು ಸೊಸೆ ಕೈಗೆ ಕೊಟ್ರು, ಪಾತ್ರೆ ಎತ್ತಿ ಬೋರಲು ಮಾಡಿದ್ರು, ಸೆರಗಲ್ಲಿ ತಳ ಒರೆಸಿ, ಕನ್ನಡಕ ಮೇಲೆ ಏರಿಸಿ ಅಂಚಲ್ಲಿ ಏನೋ ಹುಡುಕಿದ್ರು. "ನೋಡಪ್ಪಾ ಇಲ್ಲಿ, ಮುದ್ರೆ. ಸರ್ಕಾರದೋರು ಹೊಡೀತಿದ್ರು, ಮೋಸದ ಅಳತೆ ಅಲ್ಲ ಅಂತ. ಇದು ಬಳ್ಳ ಕಣೋ, ಹೂವಿನ ಕುಂಡ ಅಲ್ಲ. ಎರಡು ಸೇರಿಗೆ ಒಂದು ಬಳ್ಳ, ನಾಕು ಬಳ್ಳಕ್ಕೆ ಕೊಳಗ, ಇಪ್ಪತ್ತು ಕೊಳಗಕ್ಕೆ ಖಂಡುಗ. ನಮ್ಮಪ್ಪ ಕಣದಲ್ಲಿ ಭತ್ತ ಅಳೆಯುವಾಗ ಮೊದಲನೇದಕ್ಕೆ ಒಂದು ಅನ್ತಿರಲಿಲ್ಲ, ಲಾಭ ಅಂತಿದ್ರು." ಅಷ್ಟು ಹೇಳಿ ಅಮ್ಮ ನಿಂತ ನಿಲುವಲ್ಲೇ ಭತ್ತ ಅಳೆದು ತೋರಿಸಿದ್ರು, ಬಗ್ಗಿ, ಎಡಗೈಲಿ ಅಂಚು ಹಿಡಿದು, ಬಲಗೈಲಿ ತಲೆ ಸವರಿ, "ಲಾಭಾ... ಎರಡೂ... ಮೂರೂ..." ಅಂತ ರಾಗವಾಗಿ. ಎಪ್ಪತ್ತೊಂದು ವರ್ಷ ಅವರಿಗೆ. ನಾನು ಅವರನ್ನ ಹಂಗೆ ನೋಡಿದ್ದೇ ಇಲ್ಲ. ಬೆಂಗಳೂರು ಹುಡುಗಿ ವಿಡಿಯೋ ಮಾಡ್ಕೊಂಡ್ಲು. ಗೈಡ್ ಹುಡುಗ ಮೈಕು ಆಫ್ ಮಾಡಿ "ಅಮ್ಮಾವ್ರೆ, ಇನ್ನೊಂದ್ಸಲ ಹೇಳಿ, ಬರ್ಕೋತೀನಿ" ಅಂದ. ಆ ಕ್ಷಣಕ್ಕೆ ಅವನಿಗೆ ನಾನು ಪೂರ್ತಿ ಮಾರ್ಕ್ಸ್ ಕೊಟ್ಬಿಟ್ಟೆ.

ಅಳತೆ ಲೆಕ್ಕ ಊರಿಂದೂರಿಗೆ ಬೇರೆ ಇತ್ತು ಅನ್ನೋದು ಬೇರೆ ಮಾತು, 1956ರ ಕಾನೂನು ಬಂದು ಕೆಜಿ ಲೀಟರು ಶುರುವಾದ ಮೇಲೂ ನಮ್ಮ ಕಡೆ ಹಳ್ಳೀಲಿ ಸೇರು ಹೋಗೋಕೆ ಸುಮಾರು ವರ್ಷ ಹಿಡೀತು. ನನಗೆ ಮಜಾ ಅನ್ನಿಸಿದ್ದು ಇದೇ ಕೊಳಗ, ಖಂಡುಗ ಹೊಯ್ಸಳರ ಕಾಲದ ಶಾಸನಗಳಲ್ಲೂ ಬರ್ತಾವೆ ಅನ್ನೋದು, ದೇವಸ್ಥಾನಕ್ಕೆ ಗದ್ದೆ ಬಿಟ್ಟಾಗ ಎಷ್ಟು ಬಿತ್ತನೆ ಹಿಡಿಯುತ್ತೆ ಅನ್ನೋ ಲೆಕ್ಕದಲ್ಲೇ ಗದ್ದೆ ಅಳೆಯೋರು. ಹಿಂದಿನ ದಿನ ಹಳೇಬೀಡಲ್ಲಿ ನಾವು ಬಾಯಿ ಬಿಟ್ಕೊಂಡು ನೋಡಿದ ಗೋಡೆಗೂ ಅಮ್ಮನ ಕೈಲಿದ್ದ ಬಳ್ಳಕ್ಕೂ ಒಂದೇ ಭತ್ತದ ಲೆಕ್ಕ. ಇದನ್ನ ಗಾಜಿನ ಪೆಟ್ಟಿಗೇಲಿಟ್ಟು ಲೈಟು ಬಿಡಿ ಅಂದ್ರೆ ಹೆಂಚಿಗೆ ಬಿಟ್ಟಿದ್ದಾರೆ.

ಟೂರು ಮುಗಿದ ಮೇಲೆ ಅಕ್ಕಿರೊಟ್ಟಿಗೆ ಅಡಿಗೆಮನೆ ಹಿಂದಿನ ಜಗಲೀಲಿ ಕೂರಿಸಿದ್ರು. ರೊಟ್ಟಿ ತಟ್ಟುತಿದ್ದ ಅಜ್ಜಿ ಆ ತೋಟದ ಲೈನಲ್ಲೇ ಹುಟ್ಟಿ ಅಲ್ಲೇ ಮದುವೆ ಆದೋರು, ಅಮ್ಮನ ಜೊತೆ ಐದು ನಿಮಿಷದಲ್ಲಿ ಹಳೇ ನೆಂಟರ ಥರ ಮಾತಿಗೆ ಕೂತ್ರು. ಟೂರಲ್ಲಿ ಇಲ್ಲದ್ದೆಲ್ಲ ಅಲ್ಲಿ ಬಂತು. ಒಲೆ ಮೇಲಿನ ಅಟ್ಟಕ್ಕೆ ಹೊಗೆ ಹೋಗೋಕೆ ಸಂದು ಬಿಟ್ಟಿರೋದು ಬಿದಿರಿನ ಕುಕ್ಕೆ, ಮರದ ಸಾಮಾನು ಹುಳ ಹಿಡೀದೇ ಇರಲಿ ಅಂತ. ಹಂಡೆ ಒಲೆ ಯಾವತ್ತೂ ಆರಬಾರದು, ಮಳೆಗಾಲದಲ್ಲಿ ಕಂಬಳಿ ಒಣಗಿಸ್ತಿದ್ದಿದ್ದೇ ಅಲ್ಲಿ. ಹೂಮಳೆ, ಅಂದ್ರೆ ಕಾಫಿ ಗಿಡ ಹೂ ಬಿಡೋಕೆ ಬೇಕಾದ ಬೇಸಿಗೆ ಮಳೆ, ಬಾರದ ವರ್ಷ ದೊಡ್ಡ ಸಾಹುಕಾರ್ರು ಊಟ ಮಾಡದೇ ಮಲಗ್ತಿದ್ರಂತೆ. ಅಮ್ಮ ಸುಮ್ನೆ "ಈ ಮನೆ ಎಷ್ಟು ಹಳೇದಿರಬಹುದು" ಅಂದಿದ್ದಕ್ಕೆ ಅಜ್ಜಿ ರೊಟ್ಟಿ ಮಗುಚಿ ಹಾಕ್ತಾ ಹೇಳಿದ್ರು, "ಮನೆ ಯಾವಾಗ್ಲೋ ಏನೋ ಕಾಣೆ ಕಣವ್ವಾ. ಮುಂಚೆ ಹುಲ್ಲಿನ ಮಾಡು ಇತ್ತಂತೆ, ಹುಲ್ಲು ಕಿತ್ತು ಹೆಂಚು ಹೊದಿಸಿದ್ದು ನಮ್ಮತ್ತೆ ಮದುವೆ ಆಗಿ ಬಂದ ವರ್ಷ. ಘಟ್ಟದ ಕೆಳಗಿಂದ ಗಾಡೀಲಿ ಬಂತಂತೆ, ಒಡೆದಿದ್ದೇ ಜಾಸ್ತಿಯಂತೆ, ಒಡೆದ ಹೆಂಚಿಗೆ ನಮ್ಮತ್ತೆ ಮನೆಯೋರು ಲೈನಿಗೆ ಮಾಡು ಹಾಕ್ಕೊಂಡ್ರಂತೆ."

ರೊಟ್ಟಿ ಜೊತೆ ಕೊಟ್ಟ ಕೆಂಪು ಚಟ್ನಿ ಅದ್ಭುತ. ಕಾಫಿ ಮಾತ್ರ ನೀರು, ಕಾಫಿ ತೋಟದ ಮಧ್ಯೆ ಕೂತು ನೀರು ಕಾಫಿ ಕುಡಿಸೋಕೆ ಧೈರ್ಯ ಬೇಕು. ಟಾಯ್ಲೆಟ್ ಕ್ಲೀನ್ ಇತ್ತು. ಕೊನೇ ಎರಡು ಕಿಲೋಮೀಟರ್ ರಸ್ತೆ ಮಣ್ಣು, ಸಣ್ಣ ಕಾರಿನ ಹೊಟ್ಟೆ ತಾಗುತ್ತೆ, ಮಳೆಗಾಲದಲ್ಲಿ ಜೀಪಿಲ್ಲದೇ ಹೋಗ್ಬೇಡಿ. ವಯಸ್ಸಾದವರಿದ್ರೆ ಹೊಸಿಲು ಎತ್ತರ, ಬಾಗಿಲು ಗಿಡ್ಡ, ನನ್ನ ಹಣೆಗೆ ಎರಡು ಸಲ ಬಿತ್ತು.

ನಾನು ಕೊಟ್ಟಿದ್ದು ಮೂರು ಸ್ಟಾರು. ಮನೆಗೆ ಎರಡು, ಅಜ್ಜಿಗೆ ಒಂದು. ಮೂರು ದಿನ ಆದ ಮೇಲೆ ಆ ಗೈಡ್ ಹುಡುಗ ವಾಟ್ಸಾಪಲ್ಲಿ ಮೆಸೇಜು ಹಾಕಿದ್ದ, ಫೈವ್ ಸ್ಟಾರ್ ಮಾಡಿ ಸರ್ ಅಂತ ಕೇಳ್ತಾನೆ ಅನ್ಕೊಂಡು ಓಪನ್ ಮಾಡಿದ್ರೆ ಬಳ್ಳದ ಫೋಟೋ, ಹೂವು ತೆಗೆದಿದ್ದಾನೆ, ಪಕ್ಕದಲ್ಲಿ ಕೈಬರಹದಲ್ಲಿ "ಬಳ್ಳ = 2 ಸೇರು" ಅಂತ ಚೀಟಿ. ಕೆಳಗೆ ಬರೆದಿದ್ದ, "ಸರ್ 1865 ತೆಗೆದ್ರೆ ಜನ ಯಾವ ಇಸವಿ ಅಂತ ಕೇಳ್ತಾರೆ, ಏನ್ ಹೇಳ್ಲಿ?" ಅಡಿಗೆಮನೆ ಅಜ್ಜಿ ಹತ್ರ ಹೋಗಿ ಅವರತ್ತೆ ಮದುವೆ ಯಾವಾಗ ಆಯ್ತು ಅಂತ ಕೇಳು ಅಂತ ಕಳಿಸಿದೆ. ನೀಲಿ ಟಿಕ್ಕು ಬಂದಿದೆ, ಉತ್ತರ ಇನ್ನೂ ಬಂದಿಲ್ಲ.